ಅನುಮತಿ ಪತ್ರವೂ ಅಣುವ್ರತವೂ

ಹೊಲದ ಬದುವಿನಲ್ಲಿ ನಿಂತಿರುವ ಹುಣಸೆಯ ಮರ ಯಾರ ಸ್ವತ್ತು? ಪಹಣಿಯನ್ನು ಕೇಳಿದರೆ ಅದು ಭೂಮಿಯ ಒಡೆಯನ ಹೆಸರನ್ನು ಹೇಳುತ್ತದೆ. ರಾಜ್ಯದ ಕಾನೂನನ್ನು ಕೇಳಿದರೆ, ಒಡೆತನ ಅವನದೇ ಆದರೂ ಕೊಡಲಿ ಎತ್ತುವ ಮೊದಲು ತನ್ನನ್ನು ಕೇಳಬೇಕೆಂದು ಅದು ಹೇಳುತ್ತದೆ. ಜಿನಾಗಮವನ್ನು ಕೇಳಿದರೆ ಉತ್ತರ ಇನ್ನೂ ಆಳಕ್ಕೆ ಇಳಿಯುತ್ತದೆ. ಆ ಮರದ ದೇಹ ಆ ಮರದೊಳಗಿನ ಜೀವಕ್ಕೆ ಸೇರಿದ್ದು. ಮನುಷ್ಯನಿಗೆ ಇರುವುದು ಅದರ ನೆರಳು, ಫಲ, ಸೌದೆಗಳ ಬಳಕೆಯ ಸಂಬಂಧ ಮಾತ್ರ ಎಂಬುದು ಅದರ ತಾತ್ಪರ್ಯ. ಈ ಮೂರು ಉತ್ತರಗಳೂ ತಮ್ಮ ತಮ್ಮ ನೆಲೆಯಲ್ಲಿ ಸತ್ಯವೇ. ಮೂರನ್ನೂ ಒಟ್ಟಿಗೆ ಹಿಡಿದು ನಡೆಯುವುದು ಹೇಗೆ ಎಂಬುದೇ ಗೃಹಸ್ಥನ ಮುಂದಿರುವ ಪ್ರಶ್ನೆ.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯ ಸೀಮೆಯಲ್ಲಿ ಇದು ಬರಿಯ ತತ್ತ್ವದ ಪ್ರಶ್ನೆಯಾಗಿ ಉಳಿದಿಲ್ಲ. ಒಂದು ಕಾಲಕ್ಕೆ ಪಾಳೆಯಗಾರರ ನೆಲೆಯಾಗಿದ್ದ, ಪಕ್ಕದ ಚಿಕ್ಕನಾಯಕನಹಳ್ಳಿಗೆ ತನ್ನ ಮನೆತನದ ನಾಯಕನ ಹೆಸರನ್ನೇ ಕೊಟ್ಟ ಈ ನಾಡು ಮಳೆಯನ್ನೂ ಕೆರೆಯನ್ನೂ ನಂಬಿ ಬದುಕುವ ಒಣಭೂಮಿ. ತೆಂಗು, ಅಡಿಕೆ, ರಾಗಿಗಳ ನಡುವೆ ಬದುವಿನ ಮೇಲೆ ಹುಣಸೆ, ಹೊಂಗೆ, ಬೇವು, ಹಲಸು, ಮಾವು, ಜಾಲಿಗಳು ತಲೆಮಾರುಗಳಿಂದ ನಿಂತಿವೆ. ಮಳೆ ಕೈಕೊಟ್ಟ ವರ್ಷ, ಕೊಳವೆಬಾವಿ ಬತ್ತಿದ ವರ್ಷ, ಮನೆಯಲ್ಲಿ ಮದುವೆಯೋ ಆಸ್ಪತ್ರೆಯ ಖರ್ಚೋ ಎದುರಾದ ವರ್ಷ, ಮೊದಲು ಕಣ್ಣಿಗೆ ಬೀಳುವುದು ಈ ಮರಗಳೇ. ಮರದ ವ್ಯಾಪಾರಿ ಬಂದು ನಿಂತಲ್ಲೇ ಬೆಲೆ ಕಟ್ಟುತ್ತಾನೆ. ಎರಡು ತಲೆಮಾರು ಬೆಳೆಸಿದ್ದು ಒಂದು ಹಗಲಿನಲ್ಲಿ ನೆಲಕ್ಕೆ ಒರಗುತ್ತದೆ. ಆಗ ಏಳುವ ಮಾತು ಒಂದೇ: ನನ್ನ ಜಮೀನಿನ ಮರ ಕಡಿಯಲು ಸರ್ಕಾರದ ಅಪ್ಪಣೆ ಏಕೆ?

ಈ ಮಾತಿಗೆ ಕಾನೂನಿನ ಉತ್ತರವನ್ನು ಮೊದಲು ಕೇಳೋಣ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಜಾರಿಗೆ ಬಂದದ್ದು 1976ರಲ್ಲಿ. ಅದರ ನಿಯಮಗಳು 1977ರಲ್ಲಿ ಬಂದವು. ಖಾಸಗಿ ಜಮೀನಿನ ಮರವಾದರೂ ಕಡಿಯುವ ಮೊದಲು ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕೆಂಬುದು ಅದರ 8ನೇ ಕಲಮಿನ ಸಾರ. ಅರ್ಜಿಯಲ್ಲಿ ಮರದ ಜಾತಿ, ಸಂಖ್ಯೆ, ಸರ್ವೆ ನಂಬರು, ಕಾರಣ ಎಲ್ಲವನ್ನೂ ತಿಳಿಸಬೇಕು. ಅಧಿಕಾರಿ ಸ್ಥಳ ಪರಿಶೀಲಿಸಿ ಅನುಮತಿ ಕೊಡಬಹುದು, ಷರತ್ತು ಹಾಕಬಹುದು, ನಿರಾಕರಿಸಲೂಬಹುದು. ಆದರೆ ಈ ಕಾನೂನು ನಿರಾಕರಣೆಗೂ ಒಂದು ಮಿತಿಯನ್ನು ಹಾಕಿದೆ ಎಂಬುದು ಅನೇಕರಿಗೆ ತಿಳಿಯದು. ಮರ ಸತ್ತಿದ್ದರೆ, ರೋಗ ತಗುಲಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಸ್ವತ್ತಿಗೋ ಅಪಾಯವಾಗಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ ಸಿಡಿಲುಗಳಿಂದ ಬಹುವಾಗಿ ಹಾಳಾಗಿದ್ದರೆ, ಹಳ್ಳಿಗಾಡಿನಲ್ಲಿ ಸೌದೆ, ಮೇವು, ಬೇಸಾಯದ ಸಲಕರಣೆ ಮುಂತಾದ ಮನೆಬಳಕೆಗೆ ಬೇಕಾಗಿದ್ದರೆ ಅನುಮತಿಯನ್ನು ನಿರಾಕರಿಸಬಾರದೆಂದು ಅದು ಹೇಳುತ್ತದೆ. ಕಡಿದವನು ಬದಲಿಗೆ ಗಿಡ ನೆಡಬೇಕೆಂಬ ಬಾಧ್ಯತೆಯನ್ನೂ ಅದು ವಿಧಿಸುತ್ತದೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್ ಮುಂತಾದ ಕೆಲವು ಜಾತಿಗಳನ್ನು ಅನುಮತಿಯ ಹಂಗಿನಿಂದ ಬಿಟ್ಟಿದೆ. ಈ ಪಟ್ಟಿ ತಿದ್ದುಪಡಿಗಳಿಂದ ಬೆಳೆಯುತ್ತ ಬಂದಿರುವುದರಿಂದ, ಯಾವುದೇ ಮರ ಪಟ್ಟಿಯಲ್ಲಿದೆಯೇ ಇಲ್ಲವೇ ಎಂಬುದನ್ನು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯುವುದು ಲೇಸು.

ಇಷ್ಟು ಕಾನೂನಿನ ಮಾತು. ಇನ್ನು ಧರ್ಮದ ಮಾತು.

ಜೈನದರ್ಶನವು ಸಂಸಾರಿ ಜೀವಗಳನ್ನು ತ್ರಸ, ಸ್ಥಾವರ ಎಂದು ಎರಡಾಗಿ ವಿಂಗಡಿಸುತ್ತದೆ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಇವು ಐದು ಸ್ಥಾವರಕಾಯಗಳು. ವನಸ್ಪತಿಕಾಯದ ಜೀವಕ್ಕೆ ಸ್ಪರ್ಶನವೆಂಬ ಒಂದೇ ಇಂದ್ರಿಯ. ಆದರೆ ಪ್ರಾಣಗಳು ನಾಲ್ಕು. ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ ಮತ್ತು ಆಯುಸ್ಸು. ಕಣ್ಣಿಲ್ಲ, ಕಿವಿಯಿಲ್ಲ, ನಾಲಗೆಯಿಲ್ಲ; ಆದರೆ ಉಸಿರಿದೆ, ಆಯುಸ್ಸಿದೆ, ತಾಗಿದ್ದು ತಿಳಿಯುತ್ತದೆ. ಆಚಾರಾಂಗದ ಮೊದಲ ಅಧ್ಯಯನವು ಮನುಷ್ಯದೇಹವನ್ನೂ ಗಿಡದ ದೇಹವನ್ನೂ ಅಕ್ಕಪಕ್ಕದಲ್ಲಿ ಇರಿಸಿ ಹೋಲಿಸುತ್ತದೆ. ಎರಡೂ ಹುಟ್ಟುತ್ತವೆ, ಬೆಳೆಯುತ್ತವೆ, ಆಹಾರ ಬೇಡುತ್ತವೆ, ಕತ್ತರಿಸಿದರೆ ಬಾಡುತ್ತವೆ, ನಶಿಸುತ್ತವೆ ಎಂಬುದು ಅಲ್ಲಿನ ವಿಚಾರ. ಕೂಗಲಾರದ ಜೀವಕ್ಕೆ ನೋವಿಲ್ಲವೆಂದು ತಿಳಿಯುವುದು ಅಜ್ಞಾನ. ಕೂಗಲಾರದ್ದರಿಂದಲೇ ಅದರ ಪರವಾಗಿ ನಮ್ಮ ವಿವೇಕ ಮಾತನಾಡಬೇಕು.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ರಾಗಿಯ ಪೈರೂ ವನಸ್ಪತಿಯೇ, ಹುಣಸೆಯ ಮರವೂ ವನಸ್ಪತಿಯೇ. ಪೈರನ್ನು ಕೊಯ್ಯುವವನು ಮರವನ್ನು ಕಡಿದರೆ ಏನು ದೋಷ ಹೆಚ್ಚಾಯಿತು? ಈ ಪ್ರಶ್ನೆಯನ್ನು ನಮ್ಮ ಆಚಾರ್ಯರು ತಪ್ಪಿಸಿಕೊಂಡು ಹೋಗಲಿಲ್ಲ. ಮುನಿಗೆ ಪೂರ್ಣ ಅಹಿಂಸೆ ಮಹಾವ್ರತ. ಗೃಹಸ್ಥನಿಗೆ ಅದು ಅಣುವ್ರತ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿವರಿಸುವ ಪರಂಪರೆಯಿದೆ. ಅಡಿಗೆ, ಮನೆ ಕಟ್ಟುವುದು, ಬೇಸಾಯ ಮುಂತಾದವುಗಳಲ್ಲಿ ಆಗುವ ಹಿಂಸೆಯನ್ನು ಅವನು ಪೂರ್ತಿಯಾಗಿ ತೊರೆಯಲಾರ. ಯತ್ನದಿಂದ ಕಡಿಮೆ ಮಾಡಿಕೊಳ್ಳಬಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಮಾತ್ರ ಹೇಳದೆ, ಪ್ರಮಾದದಿಂದ ಕೂಡಿದ ಪ್ರಾಣಹಾನಿ ಎಂದು ಹೇಳಿತು. ಅಂದರೆ ಕೈಯಲ್ಲಿರುವ ಕೊಡಲಿಗಿಂತ ಮೊದಲು ಮನಸ್ಸಿನಲ್ಲಿರುವ ಅಜಾಗರೂಕತೆ, ಲೋಭ, ನಿರ್ಲಕ್ಷ್ಯಗಳು ವಿಚಾರಣೆಗೆ ಬರುತ್ತವೆ.

ಇದಕ್ಕೆ ಪೂರಕವಾಗಿ ಮತ್ತೊಂದು ಅಂಶವಿದೆ. ಪೈರು ಒಂದು ಋತುವಿಗೆಂದೇ ಬಿತ್ತಿದ್ದು. ಹಣ್ಣಾದ ಮೇಲೆ ಅದರ ಆಯುಸ್ಸು ತಾನಾಗಿಯೇ ಮುಗಿಯುತ್ತ ಬರುತ್ತದೆ. ಆದರೆ ಹಳೆಯ ಮರ ಒಂಟಿ ಜೀವವಲ್ಲ. ಅದರ ಕೊಂಬೆಯಲ್ಲಿ ಹಕ್ಕಿಯ ಗೂಡು, ಪೊಟರೆಯಲ್ಲಿ ಗೂಬೆಯೋ ಗಿಳಿಯೋ, ತೊಗಟೆಯ ಸಂದಿನಲ್ಲಿ ಇರುವೆಗಳ ಸಾಲು, ಮೇಲೆ ಜೇನಿನ ಹುಟ್ಟಿ, ಬುಡದಲ್ಲಿ ಹಾವು, ಓತಿಕೇತ. ಎರಡು ಇಂದ್ರಿಯದ ಹುಳುವಿನಿಂದ ಹಿಡಿದು ಐದು ಇಂದ್ರಿಯದ ಪಕ್ಷಿಯವರೆಗೆ ಅಲ್ಲಿ ವಾಸವಿದೆ. ಗರಗಸ ಇಟ್ಟವನು ಒಂದು ಏಕೇಂದ್ರಿಯ ಜೀವವನ್ನು ಕೆಡವಿದೆನೆಂದು ಲೆಕ್ಕ ಹಾಕಿದರೆ ಆ ಲೆಕ್ಕ ತಪ್ಪು. ತ್ರಸಜೀವಗಳ ಹಿಂಸೆಯನ್ನು ತೊರೆಯುತ್ತೇನೆಂದು ಅಣುವ್ರತ ಹಿಡಿದ ಶ್ರಾವಕನು, ಗೂಡಿನಲ್ಲಿ ಮರಿಗಳಿರುವ ಕಾಲದಲ್ಲಿ ಮರ ಉರುಳಿಸಿದರೆ ತನ್ನ ವ್ರತದ ಮೂಲಕ್ಕೇ ಪೆಟ್ಟು ಹಾಕಿದಂತೆ.

ಗೃಹಸ್ಥನ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದು. ಪ್ರಯೋಜನವಿಲ್ಲದ ಪಾಪದಿಂದ ದೂರವಿರುವುದು ಅದರ ಅರ್ಥ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆ ಎಂಬುದರ ಕೆಳಗೆ ಗಿಡಮರಗಳನ್ನು ವ್ಯರ್ಥವಾಗಿ ಕಡಿಯುವುದನ್ನು ಸೇರಿಸಿದೆ. ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು ಇವೂ ಅದರ ಜೊತೆಗಿವೆ. ಬಾವಿಯಲ್ಲಿ ನೀರು ಮೇಲೆಯೇ ಇದ್ದ, ಕಾಡು ಊರಿನ ಅಂಚಿನವರೆಗೂ ಬಂದಿದ್ದ ಕಾಲದಲ್ಲಿ ಈ ಮಾತನ್ನು ಬರೆದರು. ಕೊರತೆಯ ಭಯದಿಂದ ಹುಟ್ಟಿದ ವ್ರತವಲ್ಲ ಅದು. ಜೀವದ ಗೌರವದಿಂದ ಹುಟ್ಟಿದ್ದು. ಇಂದು ಕೊರತೆಯೂ ಸೇರಿಕೊಂಡಿರುವುದರಿಂದ ಅದರ ತೂಕ ಇಮ್ಮಡಿಯಾಗಿದೆ. ಕಾಂಪೌಂಡಿನ ಮೇಲೆ ಎಲೆ ಉದುರುತ್ತದೆ ಎಂಬ ಕಾರಣಕ್ಕೆ ಬೇವನ್ನು ಉರುಳಿಸುವುದು, ವಾಸ್ತುವಿಗೆ ಸರಿಹೊಂದದೆಂದು ಫಲಕೊಡುವ ಹಲಸನ್ನು ತೆಗೆಸುವುದು, ಅಂಗಡಿಯ ಫಲಕ ಕಾಣಿಸುವುದಿಲ್ಲವೆಂದು ಹೊಂಗೆಯ ಬುಡಕ್ಕೆ ಆಸಿಡ್ ಸುರಿಯುವುದು, ಇವುಗಳಿಗೆ ಅನರ್ಥದಂಡ ಎಂಬುದಕ್ಕಿಂತ ತಕ್ಕ ಹೆಸರು ಬೇರೆ ಇಲ್ಲ.

ಹಾಗಾದರೆ ಎಷ್ಟು ಬಳಸಬಹುದು, ಎಲ್ಲಿ ನಿಲ್ಲಬೇಕು? ಇದಕ್ಕೆ ಲೇಶ್ಯಾವೃಕ್ಷದ ದೃಷ್ಟಾಂತದಷ್ಟು ಸ್ಪಷ್ಟವಾದ ಅಳತೆಗೋಲು ಮತ್ತೊಂದು ಸಿಗಲಾರದು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಇದನ್ನು ನಿರೂಪಿಸಿದ್ದಾರೆ. ಶ್ರವಣಬೆಳಗೊಳದ ಜೈನಮಠದ ಗೋಡೆಯ ಚಿತ್ರಗಳಲ್ಲಿಯೂ ಆ ಮರವನ್ನು ಕಾಣಬಹುದು. ಹಸಿದ ಆರು ಮಂದಿ ಹಣ್ಣು ತುಂಬಿದ ಮರದ ಬಳಿಗೆ ಬರುತ್ತಾರೆ. ಒಬ್ಬನು ಮರವನ್ನು ಬುಡಸಹಿತ ಕೀಳೋಣವೆಂದು ಬಗೆಯುತ್ತಾನೆ, ಅವನದು ಕೃಷ್ಣಲೇಶ್ಯೆ. ಎರಡನೆಯವನು ಕಾಂಡವನ್ನು ಕಡಿಯಲು ಎಣಿಸುತ್ತಾನೆ, ಅದು ನೀಲಲೇಶ್ಯೆ. ಮೂರನೆಯವನಿಗೆ ದೊಡ್ಡ ಕೊಂಬೆ ಸಾಕು, ಅದು ಕಾಪೋತ. ನಾಲ್ಕನೆಯವನಿಗೆ ಸಣ್ಣ ರೆಂಬೆ ಸಾಕು, ಅದು ಪೀತ. ಐದನೆಯವನು ಹಣ್ಣನ್ನು ಮಾತ್ರ ಕೀಳಬೇಕೆನ್ನುತ್ತಾನೆ, ಅದು ಪದ್ಮ. ಆರನೆಯವನು ತಾನಾಗಿ ಉದುರಿದ ಹಣ್ಣನ್ನು ಆರಿಸಿಕೊಂಡು ತೃಪ್ತನಾಗುತ್ತಾನೆ, ಅವನದು ಶುಕ್ಲಲೇಶ್ಯೆ.

ಈ ದೃಷ್ಟಾಂತದಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆರು ಮಂದಿಯ ಹಸಿವೂ ಒಂದೇ. ಯಾರ ಹಸಿವನ್ನೂ ಆಚಾರ್ಯರು ಸುಳ್ಳೆನ್ನಲಿಲ್ಲ. ಬೇರೆಬೇರೆಯಾಗಿರುವುದು ಹಸಿವನ್ನು ತೀರಿಸಿಕೊಳ್ಳಲು ಅವರು ಎಷ್ಟನ್ನು ನಾಶ ಮಾಡಲು ಸಿದ್ಧರಾಗಿದ್ದಾರೆ ಎಂಬುದು ಮಾತ್ರ. ಮನೆಯ ಮೇಲೆ ಬಾಗಿದ ಕೊಂಬೆಯಿಂದ ಭಯವಿದ್ದರೆ ಕೊಂಬೆ ತೆಗೆದರೆ ಸಾಕಾದೀತೇ? ಪೈರಿಗೆ ನೆರಳು ಬೀಳುತ್ತಿದ್ದರೆ ರೆಂಬೆ ಸವರಿದರೆ ಸಾಲದೇ? ಸೌದೆಗೆ ಒಣಗಿದ ಮರವಿರುವಾಗ ಹಸಿರು ಮರವೇ ಏಕೆ? ಕೀಳುವ ಮೊದಲು ಕಡಿಯುವುದನ್ನು, ಕಡಿಯುವ ಮೊದಲು ಸವರುವುದನ್ನು, ಸವರುವ ಮೊದಲು ಬಿಡುವುದನ್ನು ಯೋಚಿಸುವವನು ಲೇಶ್ಯೆಯ ಮೆಟ್ಟಿಲನ್ನು ಒಂದೊಂದಾಗಿ ಏರುತ್ತಾನೆ. ಕಾನೂನು ಸತ್ತ ಮರಕ್ಕೆ, ಅಪಾಯದ ಮರಕ್ಕೆ, ಮನೆಬಳಕೆಯ ಅಗತ್ಯಕ್ಕೆ ದಾರಿ ಬಿಟ್ಟಿರುವುದೂ ಇದೇ ವಿವೇಕದಿಂದ. ಆದರೆ ಕಾನೂನು ಕೃಷ್ಣ, ನೀಲಗಳನ್ನು ತಡೆಯಬಲ್ಲುದೇ ಹೊರತು ಪದ್ಮ, ಶುಕ್ಲಗಳಿಗೆ ಏರಿಸಲಾರದು. ಅದು ವ್ರತದ ಕೆಲಸ.

ಅನುಮತಿ ಬೇಡದ ಅಡ್ಡದಾರಿಯ ಕುರಿತು ಒಂದು ಮಾತು ಹೇಳಲೇಬೇಕು. ರಾತ್ರಿ ಕಡಿದು ಬೆಳಗಾಗುವುದರೊಳಗೆ ಸಾಗಿಸುವುದು, ಎರಡು ಮರಕ್ಕೆ ಅನುಮತಿ ಪಡೆದು ಐದನ್ನು ಉರುಳಿಸುವುದು, ಒಂದು ಜಾತಿಯ ಹೆಸರಿನಲ್ಲಿ ಮತ್ತೊಂದು ಜಾತಿಯ ದಿಮ್ಮಿ ಕಳಿಸುವುದು ಹಲವರಿಗೆ ಜಾಣತನವಾಗಿ ಕಾಣುತ್ತದೆ. ಮರ ನನ್ನದೇ ಆಗಿರುವಾಗ ಕಳವೆಲ್ಲಿ ಬಂತು ಎಂಬುದು ಅವರ ವಾದ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ: ಕಳವಿಗೆ ಪ್ರೇರೇಪಿಸುವುದು, ಕದ್ದು ತಂದ ವಸ್ತುವನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಂದರ ಹೆಸರಿನಲ್ಲಿ ನಕಲಿಯಾದ ಮತ್ತೊಂದನ್ನು ಕೊಡುವುದು. ಮರದ ಅಕ್ರಮ ವ್ಯಾಪಾರದಲ್ಲಿ ಈ ಐದೂ ಸರದಿಯಾಗಿ ನಡೆಯುತ್ತವೆ ಎಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ರಾಜ್ಯದ ನಿಯಮ ಮೀರುವುದನ್ನು ಸೂತ್ರಕಾರರು ಅಹಿಂಸೆಯ ಕೆಳಗೆ ಇಡದೆ ಅಚೌರ್ಯದ ಕೆಳಗೆ ಇಟ್ಟಿದ್ದು ವಿಚಾರಮಾಡತಕ್ಕದ್ದು. ನಿಯಮದಿಂದ ಎಲ್ಲರಿಗೂ ಸಿಗುವ ರಕ್ಷಣೆಯನ್ನು ಅನುಭವಿಸುತ್ತ, ತನ್ನ ಸರದಿ ಬಂದಾಗ ಅದನ್ನು ಮುರಿಯುವವನು ಸಮುದಾಯದಿಂದ ಕೊಡದಿದ್ದುದನ್ನು ತೆಗೆದುಕೊಂಡಂತೆ. ಮರ ಅವನದಿರಬಹುದು, ಅದು ಹಿಡಿದಿಟ್ಟ ತೇವ, ತಂಪು, ಪಕ್ಕದ ಹೊಲಕ್ಕೆ ಹಾರಿ ಹೋಗುವ ಜೇನ್ನೊಣ ಅವನೊಬ್ಬನದಲ್ಲ.

ಹೀಗೆ ಹೇಳಿದ ಮಾತ್ರಕ್ಕೆ ನಿಯಮ ನಡೆಸುವವರ ಹೊಣೆ ಹಗುರವಾಗುವುದಿಲ್ಲ. ಪ್ರಾಮಾಣಿಕ ರೈತನು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದರೆ, ಬೀಳುವಂತಿರುವ ಮರದ ಕೆಳಗೆ ಮಕ್ಕಳನ್ನು ಮಲಗಿಸಿ ಪರಿಶೀಲನೆಗೆ ಕಾಯಬೇಕಾದರೆ, ನ್ಯಾಯವಾಗಿ ನಡೆಯುವುದೇ ಶಿಕ್ಷೆಯಾಗುತ್ತದೆ. ಆಗ ಅಡ್ಡದಾರಿಗೆ ಪ್ರೇರಣೆ ಕೊಟ್ಟ ದೋಷದಲ್ಲಿ ವಿಳಂಬ ಮಾಡಿದವನಿಗೂ ಪಾಲುಂಟು. ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದಲೂ ಕರ್ಮ ಬಂದು ಸೇರುತ್ತದೆ ಎಂಬುದು ನಮ್ಮ ಸಿದ್ಧಾಂತ. ತಾನು ಕಡಿಯದಿದ್ದರೂ ಕಡಿಸಿದವನು, ಕಡಿಯುವಂತೆ ಮಾಡಿದವನು ಅದರಿಂದ ಹೊರಗುಳಿಯುವುದಿಲ್ಲ. ಅಪಾಯದ ಮರಕ್ಕೆ ಬೇಗನೆ ಅನುಮತಿ ಕೊಡುವ ಅಧಿಕಾರಿ, ಉಳಿಸಬಲ್ಲ ಮರವನ್ನು ಕಂಡು ರೆಂಬೆ ಸವರಿದರೆ ಸಾಕೆಂದು ತಿಳಿಹೇಳುವ ಅಧಿಕಾರಿ, ಇಬ್ಬರೂ ಧರ್ಮವನ್ನೇ ಆಚರಿಸುತ್ತಾರೆ.

ಹೊರಗಿನ ನಿಯಮ ಒಳಗಿನ ಪ್ರೀತಿಯನ್ನು ಕೊಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನ ಶ್ರೀಗಂಧವೇ ಸಾಕ್ಷಿ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದ. ಅರಸರ ಕಾಲವೂ ಅದರ ನಂತರದ ಸರ್ಕಾರಗಳೂ ಅದೇ ಹಾದಿಯಲ್ಲಿ ನಡೆದವು. ರೈತನ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ರೈತನದಾಗಲಿಲ್ಲ. ಕಾವಲಿನ ಹೊಣೆ ಇವನದು, ಮರ ಸರ್ಕಾರದ್ದು ಎಂದಾದಾಗ ತಾನಾಗಿ ಮೊಳೆತ ಸಸಿಯನ್ನೂ ತೊಂದರೆಯೆಂದು ಕಿತ್ತೆಸೆಯುವ ಮನಸ್ಸು ಬೆಳೆಯಿತು. 2001ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು ಭೂಮಿಯ ಒಡೆಯನಿಗೆ ಗಂಧದ ಮರದ ಒಡೆತನ ಕೊಟ್ಟ ಮೇಲೆಯೇ ಜನ ಮತ್ತೆ ಗಂಧ ನೆಡಲು ಮುಂದಾದರು. ಅನುಮತಿಯಿಂದ ವಿನಾಯಿತಿ ಪಡೆದ ನೀಲಗಿರಿಯದು ಇದಕ್ಕೆ ವಿರುದ್ಧವಾದ ಪಾಠ. ಕಡಿಯಲು ಸುಲಭ, ಮಾರಲು ಸುಲಭ ಎಂದು ಬಯಲುಸೀಮೆಯ ಹೊಲಗಳನ್ನೆಲ್ಲ ಅದು ಆವರಿಸಿತು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ಸರ್ಕಾರವೇ ಹೊಸದಾಗಿ ಅದನ್ನು ನೆಡುವುದನ್ನು ನಿಷೇಧಿಸಬೇಕಾಯಿತು. ನಿಯಮ ಅತಿ ಬಿಗಿಯಾದಾಗ ಗಂಧ ಕಣ್ಮರೆಯಾಯಿತು. ಸಡಿಲವಾದಲ್ಲಿ ನೀಲಗಿರಿ ತುಂಬಿಕೊಂಡಿತು. ಎರಡೂ ಕಡೆ ಕಾಣೆಯಾಗಿದ್ದುದು ಬೆಳೆಯುವವನ ಮನಸ್ಸಿನಲ್ಲಿ ಇರಬೇಕಾದ ಸಂಯಮ.

ಬದಲಿ ಗಿಡ ನೆಡುವ ಷರತ್ತಿನ ವಿಷಯದಲ್ಲಿಯೂ ಭ್ರಮೆಯೊಂದು ಬೆಳೆದಿದೆ. ಒಂದು ಕಡಿದು ಎರಡು ನೆಟ್ಟರೆ ಲೆಕ್ಕ ಚುಕ್ತಾ ಆಯಿತೆಂದು ತಿಳಿಯುವುದು ವ್ಯಾಪಾರದ ಬುದ್ಧಿ. ಪ್ರತಿಯೊಂದು ಜೀವವೂ ಸ್ವತಂತ್ರ ದ್ರವ್ಯ. ಒಂದರ ಆಯುಸ್ಸನ್ನು ಮತ್ತೊಂದರ ಹುಟ್ಟಿನಿಂದ ತುಂಬಿಕೊಡಲು ಬರುವುದಿಲ್ಲ. ಹೊಸ ಸಸಿಯನ್ನು ನೆಡುವುದು ಕಡಿದದ್ದಕ್ಕೆ ಕೊಟ್ಟ ಬೆಲೆಯಲ್ಲ, ಬದುಕಿರುವವನು ತೀರಿಸಬೇಕಾದ ಋಣ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುತ್ತವೆ ಎಂಬ ಉಮಾಸ್ವಾಮಿಗಳ ಮಾತನ್ನು ನಾವು ಲಾಂಛನದಲ್ಲಿ ಬರೆದು ಗೋಡೆಗೆ ತೂಗುಹಾಕಿದ್ದೇವೆ. ಮರ ತನ್ನ ಪಾಲಿನ ಉಪಕಾರವನ್ನು ದಿನವೂ ಮಾಡುತ್ತಿದೆ. ನಮ್ಮ ಪಾಲು ಬಾಕಿಯಿದೆ.

ಆ ಬಾಕಿಯನ್ನು ತೀರಿಸಿದ ಬಗೆಯನ್ನು ಗುಬ್ಬಿ ತಾಲ್ಲೂಕಿನಲ್ಲಿಯೇ ಹುಟ್ಟಿದ ತಾಯಿಯೊಬ್ಬಳು ಲೋಕಕ್ಕೆ ತೋರಿಸಿದಳು. ಸಾಲುಮರದ ತಿಮ್ಮಕ್ಕ ಮಾಗಡಿ ತಾಲ್ಲೂಕಿನ ಹುಲಿಕಲ್ ಸೇರಿದ ಮೇಲೆ ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ ಮತ್ತು ಕುದೂರಿನ ನಡುವಿನ ದಾರಿಯಲ್ಲಿ 385 ಆಲದ ಗಿಡಗಳನ್ನು ನೆಟ್ಟರು. ನೆಟ್ಟರು ಎಂಬುದಕ್ಕಿಂತ ಸಾಕಿದರು ಎನ್ನಬೇಕು. ಬಿಂದಿಗೆಯಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳು ಕಟ್ಟಿ ಬೆಳೆಸಿದರು. ಓದು ಬರಹ ಬಾರದ ಅವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲೀಕರಣದ ಯೋಜನೆ ಆ ಆಲದ ಸಾಲಿನ ಬಳಿಗೂ ಬಂದು, ಅವರು ಸರ್ಕಾರದ ಮುಂದೆ ಮೊರೆಯಿಡಬೇಕಾಯಿತು. ಮುಖ್ಯಮಂತ್ರಿಗಳು ಪರ್ಯಾಯ ನೋಡುವ ಭರವಸೆ ಕೊಟ್ಟರು. 2025ರ ನವೆಂಬರ್ 14ರಂದು ತಿಮ್ಮಕ್ಕ ಕಣ್ಮುಚ್ಚಿದರು. ಆ ಮರಗಳು ಅವರ ಸ್ವತ್ತಾಗಿರಲಿಲ್ಲ, ನೆಲವೂ ಅವರದಲ್ಲ. ಮಮಕಾರವಿಲ್ಲದೆ ವಾತ್ಸಲ್ಯವಿರಲು ಸಾಧ್ಯ ಎಂಬುದಕ್ಕೆ, ಅಪರಿಗ್ರಹಕ್ಕೂ ಔದಾಸೀನ್ಯಕ್ಕೂ ಇರುವ ಅಂತರಕ್ಕೆ, ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ.

ಇನ್ನೊಂದು ಉದಾಹರಣೆ ಹಾಗಲವಾಡಿಯ ನೆರೆಯ ಚೇಳೂರಿನದು. ಹಲಸಿಗೆ ಹೆಸರಾದ ಆ ಊರಿನ ಒಬ್ಬ ರೈತನ ಜಮೀನಿನಲ್ಲಿ ಅವನ ತಂದೆ ನೆಟ್ಟಿದ್ದ ಒಂದು ಹಲಸಿನ ಮರವಿತ್ತು. ತಾಮ್ರದ ಕೆಂಪಿನ ತೊಳೆ, ಎರಡೂವರೆ ಕಿಲೋ ಆಸುಪಾಸಿನ ಪುಟ್ಟ ಕಾಯಿ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರದ ವಿಜ್ಞಾನಿಗಳು ಅದರ ಗುಣವನ್ನು ಗುರುತಿಸಿದರು. ನೆಟ್ಟವರ ಹೆಸರಿನಿಂದಲೇ ಅದು ‘ಸಿದ್ದು’ ಹಲಸು ಎನಿಸಿತು. ಕಸಿ ಗಿಡಗಳ ಮಾರಾಟದ ಆದಾಯದಲ್ಲಿ 75 ಪಾಲು ರೈತನಿಗೆ ಸಲ್ಲುವಂತೆ 2017ರಲ್ಲಿ ಒಪ್ಪಂದವಾಯಿತು. ಆ ಒಂದು ಮರದ ಕೊನರಿನಿಂದ ಇಂದು ಸಾವಿರಾರು ಗಿಡಗಳು ನಾಡಿನ ತುಂಬ ಬೆಳೆಯುತ್ತಿವೆ. ಅದಕ್ಕೂ ಮೊದಲು ಎಂದಾದರೂ ಕಷ್ಟ ಕಾಲದಲ್ಲಿ ಆ ಮರವನ್ನು ಮೋಪಿಗೆ ಕೊಟ್ಟಿದ್ದರೆ ಕೆಲವು ಸಾವಿರ ರೂಪಾಯಿ ಸಿಗುತ್ತಿತ್ತು, ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ, ಏನು ಕಳೆದುಹೋಯಿತೆಂದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಉರುಳಿಸಿದ ಪ್ರತಿಯೊಂದು ಹಳೆಯ ಮರದೊಂದಿಗೆ ನಮಗೆ ತಿಳಿಯದ ಏನೋ ಉರುಳುತ್ತದೆ. ತನಗೆ ಪೂರ್ತಿ ತಿಳಿದಿಲ್ಲವೆಂಬ ಅರಿವೇ ಅನೇಕಾಂತದ ಮೊದಲ ಪಾಠ. ಕೊಡಲಿಯ ಮುಂದೆ ಅದು ನೆನಪಾಗಬೇಕು.

ಪರರಿಗೆ ಹೇಳುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ವೃಷಭನಾಥರಿಗೆ ಆಲದ ಕೆಳಗೆ, ಮಹಾವೀರರಿಗೆ ಸಾಲವೃಕ್ಷದ ಕೆಳಗೆ ಕೇವಲಜ್ಞಾನವಾಯಿತೆಂದು ಭಕ್ತಿಯಿಂದ ಹೇಳುತ್ತೇವೆ. ಅರ್ಹಂತರ ಅಷ್ಟ ಮಹಾಪ್ರಾತಿಹಾರ್ಯಗಳಲ್ಲಿ ಅಶೋಕವೃಕ್ಷವನ್ನು ಎಣಿಸುತ್ತೇವೆ. ಬಾಹುಬಲಿಯ ತೋಳನ್ನು ಅಪ್ಪಿದ ಬಳ್ಳಿಯನ್ನು ಕಂಡು ಕಣ್ತುಂಬಿಕೊಳ್ಳುತ್ತೇವೆ. ಧ್ಯಾನಸ್ಥನಾದ ಆ ಮಹಾತ್ಮ ಮೈಮೇಲೆ ಹಬ್ಬಿದ ಬಳ್ಳಿಯನ್ನೂ ಕಿತ್ತೆಸೆಯಲಿಲ್ಲ ಎಂಬುದೇ ಆ ಶಿಲ್ಪದ ಉಪದೇಶ. ಹೀಗಿದ್ದೂ ಬಸದಿಯ ಜೀರ್ಣೋದ್ಧಾರವೆಂದೋ ಯಾತ್ರಿನಿವಾಸವೆಂದೋ ವಾಹನ ನಿಲುಗಡೆಯೆಂದೋ ಪ್ರಾಂಗಣದ ಹಳೆಯ ಮರಗಳನ್ನು ತೆಗೆಸಿ, ಅಮೃತಶಿಲೆ ಹಾಸಿ, ಪಂಚಕಲ್ಯಾಣವನ್ನು ವೈಭವದಿಂದ ನಡೆಸುವ ರೂಢಿ ಅಲ್ಲಲ್ಲಿ ಬೆಳೆಯುತ್ತಿದೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿದೆ. ತುಮಕೂರಿನ ಬಳಿ ಮಂದರಗಿರಿಯ ಬೆಟ್ಟವಿದೆ. ಇಂತಹ ಕ್ಷೇತ್ರಗಳಿಗೆ ನಡೆದು ಬಂದ ಪ್ರಾಚೀನ ಮುನಿಗಳಿಗೆ ಮರದ ನೆರಳೇ ವಸತಿಯಾಗಿತ್ತು. ಕಟ್ಟಡದ ನಕ್ಷೆ ಮಾಡುವಾಗಲೇ ನಿಂತ ಮರವನ್ನು ಗುರುತಿಸಿ ಅದನ್ನು ಬಿಟ್ಟು ಗೋಡೆ ಎಳೆಯುವ ನಿರ್ಧಾರವನ್ನು ನಮ್ಮ ಟ್ರಸ್ಟುಗಳೂ ಸಮಾಜಗಳೂ ಮಾಡಲಿ. ಮರಕ್ಕಾಗಿ ಒಂದಿಷ್ಟು ಓರೆಯಾದ ಪ್ರಾಕಾರ, ನೇರವಾದ ಪ್ರಾಕಾರಕ್ಕಿಂತ ಜಿನಧರ್ಮವನ್ನು ಚೆನ್ನಾಗಿ ಸಾರುತ್ತದೆ.

ಮರ ಕಡಿಯಲೇಬೇಕಾದ ಸಂದರ್ಭ ಗೃಹಸ್ಥನಿಗೆ ಬಂದೇ ಬರುತ್ತದೆ. ಸಾಲದ ಭಾರದಿಂದ ಬದುವಿನ ಹುಣಸೆಯನ್ನು ಮಾರುವ ರೈತನನ್ನು ಪಾಪಿಯೆಂದು ಜರೆಯುವ ಅಧಿಕಾರ ಯಾರಿಗೂ ಇಲ್ಲ. ಅವನು ಮಾರದಂತೆ ಅವನ ಹಸಿವಿಗೆ ನೆರವಾಗದ ನೆರೆಹೊರೆಯವರೂ ಆ ಕೊಡಲಿಗೆ ಕಾವು ಕೊಟ್ಟವರೇ. ಊರಿನ ಉಳ್ಳವರು ಕಷ್ಟದಲ್ಲಿರುವ ರೈತನಿಗೆ ಆ ಮರದ ಮುಂದಿನ ವರ್ಷಗಳ ಫಲದ ಮೇಲೆ ಹಣ ಕೊಟ್ಟು ಮರವನ್ನು ನಿಲ್ಲಿಸಿದರೆ, ಅದನ್ನು ಅಭಯದಾನವೆನ್ನಲು ಅಡ್ಡಿಯಿಲ್ಲ. ಜೀವಕ್ಕೆ ಅಭಯ ಕೊಡುವುದು ಆಹಾರ, ಔಷಧ, ಶಾಸ್ತ್ರ ದಾನಗಳ ಸಾಲಿನಲ್ಲಿಯೇ ನಿಲ್ಲುವ ದಾನ.

ಆದ್ದರಿಂದ ಶ್ರಾವಕನು ಅರ್ಜಿಯ ಮುಂದೆ ಕುಳಿತಾಗ ಅದರ ನಮೂನೆಯಲ್ಲಿ ಇಲ್ಲದ ಕೆಲವು ಕಾಲಂಗಳನ್ನು ಮನಸ್ಸಿನಲ್ಲಿ ತುಂಬಿಕೊಳ್ಳಲಿ. ಈ ಅಗತ್ಯ ನಿಜವೇ, ಅಥವಾ ಅಭ್ಯಾಸವೇ? ಕೊಂಬೆಯಿಂದ ಮುಗಿಯುವ ಕೆಲಸಕ್ಕೆ ಬುಡವನ್ನು ಕೇಳುತ್ತಿದ್ದೇನೆಯೇ? ಗೂಡಿನಲ್ಲಿ ಮರಿಗಳಿವೆಯೇ, ಒಂದೆರಡು ತಿಂಗಳು ಕಾಯಬಹುದೇ? ನೆಡುವ ಸಸಿಗೆ ಮೂರು ಬೇಸಗೆಯ ನೀರನ್ನು ನಾನೇ ಹೊರುವೆನೇ? ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿದ ಮೇಲೂ ಕಡಿಯುವುದು ಅನಿವಾರ್ಯವಾದರೆ, ಅನುಮತಿ ಪಡೆದು, ಕ್ಷಮೆ ಬೇಡಿ ಕಡಿಯಲಿ. ದಿನದ ಪ್ರತಿಕ್ರಮಣದಲ್ಲಿ ಏಕೇಂದ್ರಿಯ ಜೀವಗಳಲ್ಲಿಯೂ ಕ್ಷಮೆ ಬೇಡುವ ಪರಿಪಾಠ ನಮ್ಮಲ್ಲಿ ಇರುವುದು ಇಂತಹ ದಿನಗಳಿಗಾಗಿಯೇ.

ಅಧಿಕಾರಿಯ ಸಹಿ ಬಿದ್ದ ಕಾಗದ ಕಡಿಯುವವನನ್ನು ದಂಡದಿಂದ ಪಾರುಮಾಡಬಲ್ಲುದು, ಕರ್ಮಬಂಧದಿಂದ ಪಾರುಮಾಡಲಾರದು. ಅನುಮತಿ ಸಿಕ್ಕಿಯೂ, ಮರವನ್ನು ಮತ್ತೊಮ್ಮೆ ತಲೆಯೆತ್ತಿ ನೋಡಿ, ಈ ವರ್ಷ ಬೇಡವೆಂದು ಕಾಗದವನ್ನು ಮಡಿಸಿ ಇಟ್ಟುಕೊಳ್ಳುವ ಸ್ವಾತಂತ್ರ್ಯ ಜಮೀನಿನ ಒಡೆಯನಿಗೆ ಸದಾ ಇದೆ. ಆ ಸ್ವಾತಂತ್ರ್ಯವನ್ನು ಬಳಸಲು ಯಾವ ಇಲಾಖೆಯ ಅಪ್ಪಣೆಯೂ ಬೇಡ.